ಎರಡು ಸಾವಿರದ ಒಂದರ ಬೆಲೆ

ನನ್ನದು ಪ್ರಾಣಕ್ಕೆ ಅಪಾಯವಿರುವ ಕೆಲಸವಲ್ಲ. ಎಂ.ಕಾಂ. ಮುಗಿಸಿ, ಆಡಿಟರೊಬ್ಬರ ಕೈಕೆಳಗೆ ಕೆಲವು ವರ್ಷ ದುಡಿದು, ಈಗ ಚಿಕ್ಕಬಳ್ಳಾಪುರದಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಕೂತು ಜನರ ಆದಾಯ ತೆರಿಗೆ ಕೆಲಸ ಮಾಡಿಕೊಡುತ್ತೇನೆ. ಇದರಲ್ಲಿ ಬರುವುದೆಂದರೆ ಕತ್ತುನೋವು, ಕಣ್ಣುರಿ. ಹೀಗಿದ್ದೂ ಒಂದೆರಡು ವರ್ಷದಿಂದ ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಹೊರಗೆ ಓಡಲು ದಾರಿ ಯಾವುದೆಂದು ನೋಡಿಕೊಳ್ಳುತ್ತೇನೆ. ಶಿಡ್ಲಘಟ್ಟದಲ್ಲಿ ಒಂದು ಬೆಳಿಗ್ಗೆ ನಡೆದದ್ದು ನಾನು ಕರೆಯದಿದ್ದರೂ ಕಣ್ಣೆದುರು ಬಂದು ನಿಲ್ಲುತ್ತದೆ. ಬಸ್ಸಿನಲ್ಲಿ ಕೂತಿದ್ದಾಗ, ಬಟ್ಟೆ ಒಣಹಾಕುವಾಗ, ಯಾರೋ ಏನೋ ಕೇಳುತ್ತಿದ್ದು ನಾನು ತಲೆಯಾಡಿಸುತ್ತಿರುವಾಗ. ಬರೆದಿಟ್ಟರೆ ಒಂದಿಷ್ಟು ಸುಮ್ಮನಾದೀತು ಅಂತ ಬರೆಯುತ್ತಿದ್ದೇನೆ.

ನನ್ನ ಬಳಿ ಬರುವವರಲ್ಲಿ ಒಂದು ಬಗೆಯವರಿದ್ದಾರೆ. ಇಲ್ಲೇ ಹುಟ್ಟಿ, ಎಲ್ಲೋ ಹೋಗಿ ನೆಲೆಸಿ, ಆ ದೇಶದ ಪ್ರಜೆಗಳಾದವರು. ಇಲ್ಲಿ ಅವರ ಹೆಸರಿನಲ್ಲಿ ಒಂದು ಸೈಟೋ, ಮನೆಯೋ, ಅಂಗಡಿಯೋ ಉಳಿದಿರುತ್ತದೆ. ಗೌರಿಬಿದನೂರಿನವರು ಬಂದಿದ್ದಾರೆ, ಚಿಂತಾಮಣಿಯವರು ಬಂದಿದ್ದಾರೆ. ಅಂಥವರು ಆಸ್ತಿ ಮಾರಿದಾಗ ಕೊಳ್ಳುವವರು ಬೆಲೆಯಲ್ಲಿ ಒಂದು ಭಾಗವನ್ನು ತೆರಿಗೆಯೆಂದು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ತೆರಿಗೆ ನಿಜವಾಗಿ ಬೀಳುವುದು ಲಾಭದ ಮೇಲೆ. ಆದರೆ ಲಾಭ ಎಷ್ಟೆಂದು ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಅವರು ಪೂರ್ತಿ ಬೆಲೆಯ ಮೇಲೆ ಹಿಡಿದುಬಿಡುತ್ತಾರೆ. ಮಾರಿದವರು ಮುಂದಿನ ವರ್ಷ ರಿಟರ್ನ್ ಸಲ್ಲಿಸಿ, ನಿಜವಾದ ಲಾಭ ತೋರಿಸಿದ ಮೇಲೆ ಹೆಚ್ಚಿಗೆ ಕಟ್ಟಿದ್ದು ತಿರುಗಿ ಬರುತ್ತದೆ. ಹಾಗಾಗಿ ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ತಿರುಗಿ ಬರುತ್ತೆ? ಅದನ್ನು ಮುಂಚೆಯೇ ಅಂದಾಜು ಮಾಡಿ ಹೇಳುವುದು ನನ್ನ ಕೆಲಸಗಳಲ್ಲೊಂದು.

ಶಿಡ್ಲಘಟ್ಟದ ಅಕ್ಕತಂಗಿಯರು ಬಂದದ್ದೂ ಇದಕ್ಕೇ. ತಂಗಿ ಮದುವೆಯಾಗಿ ಮಲೇಷ್ಯಾಕ್ಕೆ ಹೋದವರು. ಅಲ್ಲಿ ಶಾಲೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಸುತ್ತಾರೆ, ಬಹಳ ವರ್ಷದಿಂದ ಅಲ್ಲಿಯ ಪ್ರಜೆ. ಅಕ್ಕ ಊರು ಬಿಟ್ಟವರಲ್ಲ. ಬೀದಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತಂದೆ ರೇಷ್ಮೆ ನೂಲು ಬಿಚ್ಚಿಸುವ ಕಸುಬಿನವರು. ತಂಗಿಯ ಮದುವೆಯ ಹೊತ್ತಿಗೆ ತಮ್ಮ ಫಿಲೇಚರನ್ನು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಯನ್ನು, ಅವರ ಹೆಸರಿಗೆ ಬರೆದಿದ್ದರು. ಅಕ್ಕನಿಗೆ ಕೊಟ್ಟ ಮನೆ ಅವರ ಗಂಡನ ಕಾಯಿಲೆಗೆ ಕರಗಿ ಹೋಗಿತ್ತು. ಗಂಡ ತೀರಿಕೊಂಡ ಮೇಲೆ ಆಪಾ ತಂಗಿಯ ಫಿಲೇಚರಿನ ಮುಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಹಿಂದಿನ ಹಾಲ್‌ನಲ್ಲಿ ಆವಿ ಎಬ್ಬಿಸುವ ಬಾಯ್ಲರು, ಗೂಡು ಅದ್ದುವ ಬೇಸಿನ್ನುಗಳು ಸುಮ್ಮನೆ ನಿಂತಿದ್ದವು. ಅದರ ಮಾಡು ಇಳಿಬಿದ್ದಿತ್ತು.

ತಂಗಿಯ ಆಸೆ ಸರಳವಾಗಿತ್ತು. ಫಿಲೇಚರು ಮಾರಿ, ಅದೇ ಹಣದಲ್ಲಿ ಅಕ್ಕನಿಗೆ ಊರಿನ ಹೊಸ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಕೊಡಿಸುವುದು. ಮನೆಯನ್ನು ನೋಡಿಯೂ ಆಗಿತ್ತು. ಮೆಟ್ಟಿಲಿಲ್ಲದ, ನಲ್ಲಿ ಒಳಗೇ ಇರುವ, ಬೆಳಿಗ್ಗೆ ಬಿಸಿಲು ಬೀಳುವ ಮನೆ. ಅದರ ಯಜಮಾನನಿಗೆ ಇನ್ನೊಬ್ಬ ಗಿರಾಕಿಯೂ ಇದ್ದ, ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಅಂದಿದ್ದ. ಫಿಲೇಚರಿನ ಪೂರ್ತಿ ಬೆಲೆ ಕೈಗೆ ಬಂದಿದ್ದರೆ ಯೋಚನೆಯೇ ಇರಲಿಲ್ಲ.

ಕೊಳ್ಳುವವರು ಪಕ್ಕದ ಮನೆಯ ರೀಲರು, ಅದೇ ನೂಲು ಬಿಚ್ಚಿಸುವ ಕಸುಬಿನವರು, ತೆಲುಗು ಮನೆಮಾತಿನವರು. ಹೊಸ ಯಂತ್ರ ಕೂರಿಸಲು ಅವರಿಗೆ ಜಾಗ ಬೇಕಿತ್ತು. ಊರಿನಲ್ಲಿ ಎಲ್ಲರೂ ಆಸ್ತಿ ಕೊಳ್ಳುವಾಗ ಹಿಡಿಯುವಂತೆ ತಾವೂ ಒಂದು ಪರ್ಸೆಂಟ್ ಹಿಡಿದರೆ ಮುಗಿಯಿತು ಎಂದುಕೊಂಡು ನನ್ನ ಕೋಣೆಗೆ ಬಂದಿದ್ದರು. ಮಾರುವವರು ಹೊರದೇಶದ ಪ್ರಜೆಯಾದ್ದರಿಂದ ಹಾಗಾಗುವುದಿಲ್ಲ, ಅದರ ಎಷ್ಟೋ ಪಟ್ಟು ಹಿಡಿಯಬೇಕು ಎಂದು ನಾನು ಹೇಳಿದಾಗ ತಂಗಿಯ ಕಡೆ ಕೈ ತೋರಿಸಿದರು.

"ಯಾರು, ಇವಳಾ? ನಮ್ ಗಲ್ಲೀಲಿ ಮೂಗು ಸುರಿಸ್ಕೊಂಡು ಓಡಾಡ್ತಿದ್ದೋಳು ಫಾರಿನ್ ಹೆಂಗಾಗ್ತಾಳಮ್ಮ?"

"ಸುರೀತಿದ್ದಿದ್ದು ನಿಮ್ ತಮ್ಮನ ಮೂಗು ಕಣಣ್ಣ," ಎಂದರು ತಂಗಿ. "ಒರೆಸ್ತಿದ್ದಿದ್ದು ನಾನು."

ಅವರು ನಕ್ಕರು, ಆದರೆ ಕಾನೂನು ನಗಲಿಲ್ಲ. ತೆರಿಗೆ ಕಮ್ಮಿ ಹಿಡಿಯುವಂತೆ ಇಲಾಖೆಯಿಂದ ಮೊದಲೇ ಪತ್ರ ತರಿಸಬಹುದಿತ್ತು, ಅದಕ್ಕೆ ವಾರಗಟ್ಟಲೆ ಬೇಕು. ಬಡಾವಣೆಯ ಮನೆ ಅಷ್ಟು ದಿನ ಉಳಿಯುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಈಗ ಕೈಗೆ ಬರುವ ಹಣಕ್ಕೆ ಮಲೇಷ್ಯಾದಲ್ಲಿ ಸಾಲ ಮಾಡಿ ಸೇರಿಸುವುದು, ತೆರಿಗೆ ತಿರುಗಿ ಬಂದಾಗ ಆ ಸಾಲ ತೀರಿಸುವುದು. ತಂಗಿ ನನ್ನ ಮೇಜಿನ ಮೇಲೆ ಎರಡೂ ಕೈ ಊರಿ ಹೇಳಿದ ಮಾತು ಹೀಗಿತ್ತು: "ತಿರುಗಿ ಬರೋದು ಎಷ್ಟು ಅಂತ ನೀವು ಹೇಳಿ, ಅಷ್ಟೇ ಸಾಲ ತಗೋತೀನಿ. ಒಂದು ರೂಪಾಯಿ ಜಾಸ್ತಿ ತಗಳ್ಳಲ್ಲ. ನನ್ ಸಂಬಳದಲ್ಲಿ ತೀರ್ಸೋಕಾಗಲ್ಲ." ನಾನು ಜಾಸ್ತಿ ಹೇಳಿದರೆ ಅವರು ಅಲ್ಲಿ ಸಾಲದಲ್ಲಿ ಸಿಕ್ಕಿಕೊಳ್ಳುತ್ತಾರೆ, ಕಮ್ಮಿ ಹೇಳಿದರೆ ಆಪಾಗೆ ಮನೆ ಕೈತಪ್ಪುತ್ತದೆ.

ಅಂದಾಜು ನಿಲ್ಲುವುದು ಒಂದು ಹಳೆಯ ಬೆಲೆಯ ಮೇಲೆ. ಆಸ್ತಿ ತುಂಬ ಹಿಂದಿನದಾಗಿದ್ದರೆ, ಎರಡು ಸಾವಿರದ ಒಂದನೇ ಇಸವಿ ಏಪ್ರಿಲ್ ಮೊದಲ ದಿನ ಅದು ಎಷ್ಟು ಬೆಲೆ ಬಾಳುತ್ತಿತ್ತೋ ಅದನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು. ಆ ಬೆಲೆ ಏರಿದಷ್ಟೂ ಲಾಭ ಇಳಿಯುತ್ತದೆ, ತಿರುಗಿ ಬರುವ ಹಣ ಹೆಚ್ಚುತ್ತದೆ. ಅದನ್ನು ಕಟ್ಟಿ ಬರೆದುಕೊಡಲು ಒಬ್ಬ ಇಂಜಿನಿಯರು ಬೇಕು. ಗೌರಿಬಿದನೂರಿನ ಒಬ್ಬರನ್ನು ಗೊತ್ತು ಮಾಡಿದೆ. ಇಂಥ ದಿನ ಬೆಳಿಗ್ಗೆ ಬರುತ್ತೇವೆ, ಆ ಕಾಲದಲ್ಲಿ ಜಾಗಕ್ಕೆ ಎಷ್ಟು ಬೆಲೆಯಿತ್ತೆಂದು ನೋಡಿ ಬರೆಯುತ್ತಾರೆ, ಎಂದು ಆಪಾಗೆ ಫೋನಿನಲ್ಲಿ ತಿಳಿಸಿದೆ. ಬರಲಿ ಬರಲಿ, ಎಲ್ಲಾ ತಯಾರು ಮಾಡಿರ್ತೀನಿ ಅಂದರು. ಕಸ ಗುಡಿಸಿ ಇಡುತ್ತಾರೆ ಎಂದುಕೊಂಡೆ.

ಆ ಬೆಳಿಗ್ಗೆ ಇಂಜಿನಿಯರ ಕಾರಿನಲ್ಲಿ ಹೋದೆವು. ಮೇಲೂರು ದಾಟುವಾಗ ಅವರು ಮಗಳ ಪರೀಕ್ಷೆಯ ವಿಷಯ ಹೇಳುತ್ತಿದ್ದರು. ಮಂಚೇನಹಳ್ಳಿಯಲ್ಲಿ ನಮ್ಮಪ್ಪ ನನ್ನನ್ನು ಓದಿಸಿದ್ದು ಹೇಗೆ ಅಂತ ನಾನು ಹೇಳಿದೆ. ಶಿಡ್ಲಘಟ್ಟದ ಗಲ್ಲಿಗೆ ತಿರುಗಿದಾಗ ಬೆಂದ ಗೂಡಿನ ವಾಸನೆ ಬಂತು. ಅದು ಆ ಗಲ್ಲಿಯಲ್ಲಿ ಯಾವಾಗಲೂ ಇರುವುದೇ. ಆದರೆ ಆಪಾ ಮನೆಯ ಹಿಂದಿನ ಹೊಗೆಗೊಳವಿಯಿಂದಲೂ ಹೊಗೆ ಏಳುತ್ತಿತ್ತು.

ಇಂಜಿನಿಯರು ಮುಂದಿನ ಎರಡು ಕೋಣೆ ಅಳೆದ ಮೇಲೆ ಒಳಗೆ ಹೋದರೆ ಹಾಲ್ ತೊಳೆದು ಫಳಫಳ ಅನ್ನುತ್ತಿದೆ. ಬೇಸಿನ್ನುಗಳ ತುಂಬ ನೀರು. ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಇಂಜಿನಿಯರಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ. ಆಪಾ ಹಸಿರು ಸೀರೆ ಉಟ್ಟು, ಸೆರಗನ್ನು ತಲೆ ಮೇಲೆ ಹೊದ್ದು, ಒಂದು ಬೇಸಿನ್ನಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಪಕ್ಕದ ಮನೆಯಿಂದ ತಂದ ಒಂದು ಬೊಗಸೆ ಗೂಡು. ಮೂಲೆಯಲ್ಲಿ ಆಳೆತ್ತರದ ಬಾಯ್ಲರು, ಅದರ ಕೆಳಗೆ ಹಿಪ್ಪುನೇರಳೆ ಕಡ್ಡಿಗಳ ಬೆಂಕಿ ಧಗಧಗ ಉರಿಯುತ್ತಿದೆ. ಎಷ್ಟೋ ವರ್ಷದಿಂದ ಹಚ್ಚದ ಬಾಯ್ಲರು.

ಇದೇನು ಆಪಾ, ಎಂದೆ.

"ಮತ್ತೆ? ತಣ್ಣಗಿರೋ ಫಿಲೇಚರ್ನ ಯಾರಾದ್ರೂ ತೋರಿಸ್ತಾರೇನಮ್ಮ? ಹಂಗೆ ತೋರ್ಸಿದ್ರೆ ಇಟ್ಟಿಗೆ ರೇಟು ಕಟ್ತಾರೆ. ಆಗ ಹೆಂಗಿತ್ತೋ ಹಂಗೇ ನೋಡ್ಲಿ ಇವರು."

ಆ ಊರಿನ ರೀತಿ ಹಾಗಂತೆ. ಫಿಲೇಚರು ಮಾರುವಾಗಲಾಗಲಿ, ಬಾಡಿಗೆಗೆ ಕೊಡುವಾಗಲಾಗಲಿ, ಒಲೆ ಹಚ್ಚಿ, ನೀರು ಬಿಸಿ ಮಾಡಿ, ನೂಲು ಎಳೆದು ತೋರಿಸುತ್ತಾರೆ. ಆರಿದ ಒಲೆ ತೋರಿಸಿದರೆ ಕೆಟ್ಟುಹೋದ ಫಿಲೇಚರು ಅಂತ ಅರ್ಥ. ಬೆಲೆ ಕಟ್ಟುವವರು ಬರುತ್ತಾರೆ ಅಂದದ್ದೇ ತಡ, ಆಪಾ ತಮ್ಮ ತಂದೆ ಮಾಡುತ್ತಿದ್ದದ್ದನ್ನೇ ಮಾಡಿದ್ದರು. ಬೆಲೆ ಹೆಚ್ಚು ಬರಲಿ, ತಂಗಿಗೆ ತೆರಿಗೆ ಹೆಚ್ಚು ತಿರುಗಿ ಬರಲಿ, ಮನೆ ತಪ್ಪದಿರಲಿ ಅಂತ. ಬೆಳಗಾಗುತ್ತಲೇ ಎದ್ದು ಕೊಡದಿಂದ ಬಾಯ್ಲರಿಗೆ ನೀರು ತುಂಬಿದ್ದರು. ತಂಗಿ ಮೊದಲು ಬೇಡ ಅಂದರೂ ಕೊನೆಗೆ ತಾವೇ ನೆಲ ಉಜ್ಜಿದ್ದರು.

ಇಂಜಿನಿಯರು ನಕ್ಕು, ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಎಂದು ಹೊಗಳಿ, ಟೇಪು ಬಿಚ್ಚಿಕೊಂಡು ಆಚೆ ಗೋಡೆಯ ಕಡೆ ನಡೆದರು. ಕುರ್ಚಿ ಖಾಲಿಯಿತ್ತು, ನಾನು ಕೂತೆ. ತಂಗಿ ಚಹಾ ತರಲು ಮುಂದಿನ ಕೋಣೆಗೆ ಹೋದರು.

ಇಲ್ಲಿಂದ ಮುಂದಿನದು ನನ್ನ ತಲೆಯಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ. ನಿಜವಾಗಿ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಆಪಾ ಬೇಸಿನ್ನಿನ ನೀರಿಗೆ ಬೆರಳು ಅದ್ದಿ, ಇನ್ನೂ ಸ್ಟೀಮು ಬಂದಿಲ್ಲ ಅಂದರು. ಇನ್ನೊಂದು ಕಟ್ಟು ಕಡ್ಡಿ ಬೆಂಕಿಗೆ ತಳ್ಳಿ ಬಂದು ಮತ್ತೆ ಕೂತರು. ಮತ್ತೆ ಬೆರಳು ಅದ್ದಿದರು. ನನ್ನ ಕಾಲಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಪಕ್ಕದ ಮನೆಯ ಯಂತ್ರ ಇರಬೇಕು ಎಂದುಕೊಂಡೆ. ಬಾಯ್ಲರಿನ ಮೈಮೇಲೆ ಒಂದು ಕಡೆ ನೀರು ಜಿನುಗಿ ಆರುತ್ತಿತ್ತು, ಜಿನುಗಿ ಆರುತ್ತಿತ್ತು. ಅದನ್ನು ನೋಡುತ್ತಾ ಕೂತಿದ್ದೆ. ಅದರ ಒತ್ತಡ ತೋರಿಸುವ ಮುಳ್ಳು ಅಲುಗದೆ ಸೊನ್ನೆಯ ಮೇಲೆ ನಿಂತಿತ್ತು, ಮುಳ್ಳಿಗೆ ತುಕ್ಕು ಹಿಡಿದಿತ್ತು.

ತಂಗಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಆ ಹಾಲ್‌ನಲ್ಲಿ ಬೆಳೆದವರು. ಏನೋ ಇರಬೇಕಾದ್ದು ಇಲ್ಲವೆಂದು ಅವರ ಮುಖ ಹೇಳಿತು.

"ಆಪಾ, ಸ್ಟೀಮ್ ಎಲ್ಲೋಗ್ತಿದೆ?"

ಆಪಾ ಬಾಯ್ಲರಿನ ಕಡೆ ತಿರುಗಿದರು. ಅದರ ನೆತ್ತಿಯ ಮೇಲೆ ಒಂದು ಉದ್ದ ಕಬ್ಬಿಣದ ಸರಳು, ಸರಳಿನ ತುದಿಯಲ್ಲಿ ತಂತಿಯಿಂದ ಕಟ್ಟಿದ ಒಂದು ಕಲ್ಲು. ಒಳಗೆ ಒತ್ತಡ ಹೆಚ್ಚಾದರೆ ಆ ಸರಳು ಮೇಲೆದ್ದು ಆವಿಯನ್ನು ಹೊರಗೆ ಬಿಡಬೇಕು. ಆವಿ ದಂಡವಾಗಬಾರದು, ಸೌದೆ ಉಳಿಯಲಿ ಎಂದು ಫಿಲೇಚರು ನಡೆಸುತ್ತಿದ್ದ ಕಾಲದಲ್ಲಿ ಆಪಾನ ಗಂಡ ಅದಕ್ಕೆ ಕಲ್ಲು ಕಟ್ಟಿದ್ದರಂತೆ. ಬೇಸಿನ್ನಿಗೆ ಹೋಗುವ ಪೈಪಿನ ತಿರುಪು ತುಕ್ಕು ಹಿಡಿದು ಮುಚ್ಚಿಕೊಂಡಿತ್ತು. ಆವಿಗೆ ಹೋಗಲು ಎಲ್ಲೂ ಜಾಗವಿರಲಿಲ್ಲ.

ಆಪಾ ಎದ್ದು ಆ ಕಲ್ಲಿನ ಕಡೆ ನಡೆದರು. ನಡೆಯುತ್ತಲೇ, ಎಲ್ಲಾ ಹೊರಗೋಗಿ ಅಂದರು, ಮಕ್ಕಳನ್ನು ಆಟದಿಂದ ಕಳಿಸುವ ದನಿಯಲ್ಲಿ. ಇಂಜಿನಿಯರು ಒಂದು ಬೇಸಿನ್ನಿನ ಪಕ್ಕದ ಬಕೆಟ್ಟನ್ನು ಎತ್ತಿ ಬೆಂಕಿಗೆ ಸುರಿಯಲು ಓಡಿದರು. ತಂಗಿ ಅವರನ್ನು ಅಡ್ಡಗಟ್ಟಿ, ನೀರು ಬೇಡ, ಕಾದ ಕಬ್ಬಿಣ ಸಿಡಿಯುತ್ತೆ, ಬೇಡ ಅಂದರು. ತಟ್ಟೆ ಯಾವಾಗ ಬಿತ್ತೋ, ಲೋಟಗಳು ನೆಲದಲ್ಲಿ ಉರುಳುತ್ತಿದ್ದವು. ತಂಗಿ ಕಬ್ಬಿಣದ ಕೊಕ್ಕೆ ತೆಗೆದುಕೊಂಡು, ಮಂಡಿಯೂರಿ, ಉರಿಯುತ್ತಿದ್ದ ಕಡ್ಡಿಗಳನ್ನು ಹಿಡಿ ಹಿಡಿಯಾಗಿ ಹೊರಗೆ ಎಳೆದು ನೆಲದ ಮೇಲೆ ಹರಡಿದರು. ಅವರ ಚೂಡಿದಾರದ ತುದಿಗೆ ಕಿಡಿ ಹತ್ತಿ ತಾನೇ ಆರಿತು. ಆಪಾ ತುದಿಗಾಲಲ್ಲಿ ನಿಂತು ಕಲ್ಲಿನ ತಂತಿ ಬಿಚ್ಚುತ್ತಿದ್ದರು.

"ಆಪಾ, ಹಾತ್ ನಕ್ಕೋ ಲಗಾವ್," ಎಂದರು ತಂಗಿ, ಕೈ ಹಾಕಬೇಡ ಎಂದು. ಆಪಾ ಕೇಳಲಿಲ್ಲ.

ನಾನು ಯಾವಾಗ ಕುರ್ಚಿಯಿಂದ ಎದ್ದೆ ಎನ್ನುವುದು ನನಗೆ ನೆನಪಿಲ್ಲ. ಬಾಗಿಲಿನಲ್ಲಿ ನಿಂತಿದ್ದೆ, ಚೌಕಟ್ಟು ಹಿಡಿದುಕೊಂಡಿದ್ದೆ. ಒಳಗೂ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ತಂಗಿ ಕೊಕ್ಕೆ ಎಸೆದು ಅಕ್ಕನನ್ನು ಹಿಂದಿನಿಂದ ಸೊಂಟಕ್ಕೆ ಅಪ್ಪಿ ಎಳೆದರು. ಇಬ್ಬರೂ ಬೇಸಿನ್ನಿನ ಕಟ್ಟೆಯ ಹಿಂದೆ ಬಿದ್ದರು. ಆಗ ಆ ಶಬ್ದ. ಪಟಾಕಿಯಂತಲ್ಲ. ದೊಡ್ಡ ಬಟ್ಟೆಯೊಂದನ್ನು ಯಾರೋ ಕಿವಿಯಲ್ಲೇ ಹರಿದಂತೆ. ಹಾಲ್ ತುಂಬ ಬಿಳಿ. ಏನೂ ಕಾಣಲಿಲ್ಲ. ಮಾಡಿನಿಂದ ಹೆಂಚುಗಳು ಬೀಳುವುದು ಮಾತ್ರ ಕೇಳುತ್ತಿತ್ತು.

ಬಿಳುಪು ತಿಳಿಯಾದಾಗ ಬಾಯ್ಲರು ನಿಂತಲ್ಲೇ ನಿಂತಿತ್ತು. ಬೆಂಕಿ ಎಳೆದಿದ್ದರಿಂದ ಒಡೆಯಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಕಿತ್ತುಹೋದದ್ದು ಅದರ ಮೇಲಿನ ಪೈಪಿನ ಒಂದು ಮೊಳದುದ್ದದ ತುಂಡು. ಅದು ಪ್ಲಾಸ್ಟಿಕ್ ಕುರ್ಚಿಯ ಬೆನ್ನನ್ನು ಹಾದು ಹಿಂದಿನ ಗೋಡೆಯಲ್ಲಿ ನಾಟಿಕೊಂಡಿತ್ತು. ಅದೇ ಕುರ್ಚಿ. ನಾನು ಅದನ್ನು ನೋಡಿದೆ, ಆಮೇಲೆ ಇಂಜಿನಿಯರನ್ನು ನೋಡಿದೆ. ಅವರ ಕೈಯಲ್ಲಿ ಬಕೆಟ್ಟು ಇನ್ನೂ ಇತ್ತು.

ಆಪಾನ ಬಲಗೈ ಮೊಣಕೈವರೆಗೆ ಆವಿಯಲ್ಲಿ ಬೆಂದಿತ್ತು. ಪಕ್ಕದ ಮನೆಯ ರೀಲರು ಗೋಡೆ ಹಾರಿ ಬಂದರು, ಅಷ್ಟು ವಯಸ್ಸಿನಲ್ಲಿ. ಆಪಾನನ್ನು ಮಗುವಿನಂತೆ ಎತ್ತಿ ಇಂಜಿನಿಯರ ಕಾರಿನಲ್ಲಿ ಕೂರಿಸಿದರು. "ಎಂತ ಪನಿ ಚೇಸ್ತಿವಮ್ಮಾ," ಎಂಥ ಕೆಲಸ ಮಾಡಿದೆಯಮ್ಮ, ಎಂದು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದರು. ಮೊದಲು ಅಲ್ಲಿನ ಆಸ್ಪತ್ರೆ, ಅಲ್ಲಿಂದ ಚಿಕ್ಕಬಳ್ಳಾಪುರದ್ದು. ತಂಗಿಯ ಅಂಗೈಯಲ್ಲೂ ಬೊಬ್ಬೆಗಳಿದ್ದವು. ಅವರಿಗೆ ಅದು ಗೊತ್ತಾದದ್ದು ಆಸ್ಪತ್ರೆಯಲ್ಲಿ ಯಾರೋ ಪೆನ್ನು ಕೊಟ್ಟಾಗ.

ಒಂದೆರಡು ದಿನ ನಾನು ಕೋಣೆಯ ಬೀಗ ತೆಗೆಯಲಿಲ್ಲ. ಕುರ್ಚಿಯಲ್ಲಿ ಕೂತರೆ ಬೆನ್ನ ಹಿಂದೆ ಗೋಡೆ ಇರುವುದು ಗೊತ್ತಾಗುತ್ತಿತ್ತು. ತಂಗಿ ಚಹಾ ಇನ್ನೊಂದು ಕುದಿ ಬರಲಿ ಎಂದು ಕಾದಿದ್ದರೆ, ಹಾಲು ಮುಗಿದು ಅಂಗಡಿಗೆ ಹೋಗಿದ್ದರೆ, ಆಪಾ ಕಣ್ಣಿಗೆ ಆ ಕಲ್ಲು ಬೀಳದಿದ್ದರೆ. ತಲೆ ಇವನ್ನೆಲ್ಲ ಒಂದೊಂದಾಗಿ ನಡೆಸಿ ನೋಡುತ್ತಿತ್ತು. ಪ್ರತಿ ಸಲವೂ ನಾನು ಆ ಕುರ್ಚಿಯಲ್ಲೇ ಕೂತಿರುತ್ತಿದ್ದೆ. ಆದರೆ ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಇಂಜಿನಿಯರು ಉಳಿದ ಅಳತೆಯನ್ನು ಮತ್ತೆ ಹೋಗಿ ಮುಗಿಸಿ ತಮ್ಮ ವರದಿ ಕಳಿಸಿಬಿಟ್ಟಿದ್ದರು. ಬೀಗ ತೆಗೆದು ಕೆಲಸಕ್ಕೆ ಕೂತೆ.

ಆ ವರದಿಯಲ್ಲಿ ಬಾಯ್ಲರಿನ ಮಾತೇ ಇರಲಿಲ್ಲ. ಇರುವಂತೆಯೂ ಇಲ್ಲ. ಆ ದಿನದ ಬೆಲೆ ಅಂದರೆ ನೆಲದ ಅಳತೆ, ಕಟ್ಟಡದ ಅಳತೆ, ಅದರ ವಯಸ್ಸು. ಅದೂ ನೋಂದಣಿ ಕಚೇರಿ ಆ ಕಾಲಕ್ಕೆ ಗೊತ್ತು ಮಾಡಿದ್ದ ದರವನ್ನು ಮೀರುವಂತಿಲ್ಲ. ಒಳಗೆ ಒಲೆ ಉರಿಯುತ್ತಿತ್ತೋ, ಬೂದಿಯಾಗಿತ್ತೋ ಯಾರಿಗೂ ಬೇಡ. ಆ ಬೆಲೆ ಹಿಡಿದು ಲಾಭ ತೆಗೆದೆ, ತೆರಿಗೆ ತೆಗೆದೆ, ಹಿಡಿಯುವ ಹಣದಲ್ಲಿ ಕಳೆದೆ. ತಿರುಗಿ ಬರುವ ಮೊತ್ತ ಸಿಕ್ಕಿತು. ಅದನ್ನು ಸಾಲವಾಗಿ ಎತ್ತಿದರೂ ಬಡಾವಣೆಯ ಮನೆಗೆ ಸಾಲದು. ಮತ್ತೆ ಮಾಡಿದೆ. ಅಷ್ಟೇ ಬಂತು. ಒಂದಿಷ್ಟು ಏರಿಸಿ ಹೇಳಿಬಿಡೋಣ, ಅವರು ಪಟ್ಟ ಪಾಡಿಗೆ ಅಷ್ಟಾದರೂ ಸಿಗಲಿ ಎನ್ನಿಸಿತು. ಏರಿಸಿ ಹೇಳಿದ್ದನ್ನು ಮುಂದಿನ ವರ್ಷ ತೀರಿಸಬೇಕಾದವರು ಕ್ಯಾಂಟೀನಿನಲ್ಲಿ ಅನ್ನ ಬಸಿಯುವ ಆ ತಂಗಿಯೇ. ಇದ್ದದ್ದನ್ನು ಇದ್ದಂತೆ ಹೇಳಲು ಆಸ್ಪತ್ರೆಗೆ ಹೋದೆ.

ಆಪಾ ಮಂಚದ ಮೇಲೆ ಒರಗಿದ್ದರು, ಕೈಗೆ ದಪ್ಪ ಪಟ್ಟಿ. ತಂಗಿ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದರು, ಬೆರಳ ತುದಿಗಳಿಂದ, ಅಂಗೈ ತಾಗದಂತೆ. ನಾನು ಕೂರುವ ಮುಂಚೆಯೇ ಆಪಾ ಕೇಳಿದರು.

"ಅವ್ರು ಬೆಂಕಿ ನೋಡಿದ್ರಲ್ಲ, ಬೆಲೆ ಜಾಸ್ತಿ ಬಂತಾ?"

ತಂಗಿ ನನ್ನ ಮುಖ ನೋಡಿದರು. ಹೌದು ಅಂದುಬಿಡಿ ಎಂದು ಆ ಕಣ್ಣು ಕೇಳುತ್ತಿತ್ತೋ, ನಾನೇ ಹಾಗೆ ಓದಿಕೊಂಡೆನೋ. ಮುಂದಿನ ಮಾತು ಹಣದ್ದೇ ಆಗಬೇಕಿತ್ತು, ಸುಳ್ಳಿನಿಂದ ಶುರು ಮಾಡಲು ಆಗಲಿಲ್ಲ. ಇಲ್ಲ ಆಪಾ, ಬೆಂಕಿಯನ್ನು ಅವರು ಲೆಕ್ಕಕ್ಕೆ ತಗೊಳ್ಳೋದಿಲ್ಲ, ಎಂದೆ.

ಅವರು ಪಟ್ಟಿ ಕಟ್ಟಿದ ಕೈ ನೋಡಿಕೊಂಡರು. ನನ್ನನ್ನಲ್ಲ, ಆ ಕೈಯನ್ನು ಕೇಳಿದಂತೆ ಕೇಳಿದರು.

"ಹಂಗಾದ್ರೆ ಅಷ್ಟ್ ವರ್ಷ ಬಿಸಿನೀರಲ್ಲಿ ಕೈ ಅದ್ದಿದ್ದು ಯಾವ ಲೆಕ್ಕಕ್ಕೂ ಬರಲ್ವ?"

"ನಾನು ಮಾಡೋ ಲೆಕ್ಕಕ್ಕೆ ಬರಲ್ಲ ಆಪಾ."

ತಂಗಿ ಕಿತ್ತಳೆಯ ಒಂದು ತೊಳೆ ಬಿಡಿಸಿ ಅವರ ಬಾಯಿಗಿಟ್ಟರು. ಆಪಾ ಅದನ್ನು ನಿಧಾನವಾಗಿ ಅಗಿದು ನುಂಗಿದರು. ಕಾನೂನಿನ ಮೇಲೆ ಸಿಟ್ಟಾಗುತ್ತಾರೆ, ಇಲ್ಲ ಅಳುತ್ತಾರೆ ಎಂದುಕೊಂಡೆ. ಅವರು ಗೂಡಿನ ಮಾರುಕಟ್ಟೆಯಲ್ಲಿ ದರ ವಿಚಾರಿಸುವವರಂತೆ, ಮತ್ತೇನು ಬರುತ್ತೆ ಲೆಕ್ಕಕ್ಕೆ ಎಂದು ವಿಚಾರಿಸಿದರು. ನೆಲ, ಗೋಡೆ, ಮಾಡು, ಎಂದೆ. ಆಮೇಲೆ, ಆ ಇಸವಿಯ ನಂತರ ಯಜಮಾನರು ಹಣ ಹಾಕಿ ಏನಾದರೂ ಕಟ್ಟಿಸಿದ್ದರೆ ಅದೂ ಸೇರುತ್ತೆ ಎಂದೆ. ಈ ಮಾತನ್ನು ಮೊದಲ ದಿನವೂ ತಂಗಿಯನ್ನು ಕೇಳಿದ್ದೆ. ಫಿಲೇಚರಿಗೆ ಏನೂ ಮಾಡಿಸಿಲ್ಲ ಅಂದಿದ್ದರು.

"ಫಿಲೇಚರ್‌ಗೆ ಮಾಡ್ಸಿಲ್ಲ," ಎಂದರು ಆಪಾ. "ಮುಂದಿನ ಎರಡ್ ರೂಮಿಗೆ ಮೋಲ್ಡ್ ಯಾರ್ ಹಾಕ್ಸಿದ್ದು? ಇವ್ಳೇ ಅಲ್ವಾ ದುಡ್ಡು ಕಳ್ಸಿದ್ದು, ನಂಗೆ ಮಳೆನೀರು ಸೋರ್ತದೆ ಅಂತ?"

ತಂಗಿ ಸುಲಿಯುವುದನ್ನು ನಿಲ್ಲಿಸಿದರು. ಅವರ ಮನಸ್ಸಿನಲ್ಲಿ ಅದು ಕಟ್ಟಡಕ್ಕೆ ಹಾಕಿದ ಹಣವಾಗಿ ಉಳಿದಿರಲೇ ಇಲ್ಲ. ಅಕ್ಕ ನೆನೆಯಬಾರದೆಂದು ಕಳಿಸಿದ್ದು ಅದು. ಹಂಚಿನ ಮಾಡು ತೆಗೆಸಿ ಕಾಂಕ್ರೀಟು ಹಾಕಿಸಿದ್ದರು. ಗೋಡೆಗಳನ್ನೂ ಎತ್ತರಿಸಿದ್ದರು. ಹಣ ಬ್ಯಾಂಕಿನ ಮೂಲಕ ಬಂದಿತ್ತು. ಹಳೆಯ ಬಿಲ್ಲುಗಳಲ್ಲಿ ಕೆಲವು ಸಿಮೆಂಟು ಮಾರಿದವರ ಹತ್ತಿರವೇ ಮತ್ತೆ ಸಿಕ್ಕವು, ಕೆಲವು ಸಿಗಲಿಲ್ಲ. ಇಂಜಿನಿಯರನ್ನು ಫೋನಿನಲ್ಲಿ ಕೇಳಿದರೆ ಆ ಎರಡು ಕೋಣೆಯ ಅಳತೆ ಅವರ ಬಳಿ ಇತ್ತು. ಎಲ್ಲಕ್ಕಿಂತ ಮೊದಲು ಅಳೆದದ್ದು ಅವನ್ನೇ.

ಆ ಸಂಜೆ ಅಂದಾಜನ್ನು ಹೊಸದಾಗಿ ಮಾಡಿದೆ. ಬಿಲ್ಲು ಇದ್ದದ್ದನ್ನು ಮಾತ್ರ ಸೇರಿಸಿದೆ. ಅಧಿಕಾರಿ ಒಪ್ಪದಿರಬಹುದಾದದ್ದನ್ನು ಬಿಟ್ಟೆ. ಕಮ್ಮಿಯೆಂದರೆ ಇಷ್ಟು ಬಂದೇ ಬರುತ್ತದೆ ಎನ್ನಬಹುದಾದ ಒಂದು ಮೊತ್ತ ನಿಂತಿತು. ಅಷ್ಟು ಸಾಲ ಸೇರಿಸಿದರೆ ಮನೆಯ ಬೆಲೆಗೆ ಒಂದು ಕೂದಲೆಳೆಯಷ್ಟು ಕಮ್ಮಿ. ತಂಗಿಗೆ ಹೇಳಿದಾಗ ಅವರು, ಇನ್ನೊಮ್ಮೆ ಹೇಳಿ, ಎಂದರು. ಹೇಳಿದೆ. ಆ ಕೂದಲೆಳೆಯನ್ನು ಪಕ್ಕದ ಮನೆಯ ರೀಲರು ಬೆಲೆಯ ಮೇಲೆ ಹಾಕಿ ಕೊಟ್ಟರು, ಕ್ರಯಪತ್ರದಲ್ಲೂ ಅದನ್ನೇ ಬರೆಸಿದರು. ಮಾಡು ಹೆಂಗೂ ಕೆಡವಬೇಕಿತ್ತು, ಅರ್ಧ ನೀವೇ ಕೆಡವಿದ್ದೀರಲ್ಲ, ಕೂಲಿ ಉಳೀತು, ಎಂದು ನಗದೆ ಹೇಳಿದರಂತೆ.

ತಿಂಗಳ ಕೊನೆಗೆ ಎರಡೂ ನೋಂದಣಿ ಮುಗಿದವು. ರೀಲರು ಹಿಡಿಯಬೇಕಾದಷ್ಟನ್ನು ಗೊಣಗುತ್ತಲೇ ಹಿಡಿದು ಕಟ್ಟಿದರು. ಫಿಲೇಚರಿನ ಪತ್ರಕ್ಕೆ ತಂಗಿ ಸಹಿ ಮಾಡುವಾಗ ಆಪಾ ಕಚೇರಿಯ ಹೊರಗಿನ ಬೆಂಚಿನಲ್ಲಿ ಎಡಗೈಯಲ್ಲಿ ಕಡಲೆಕಾಯಿ ಬಿಡಿಸಲು ಒದ್ದಾಡುತ್ತಾ ಕೂತಿದ್ದರು. ನಾನು ಬಿಡಿಸಿ ಕೊಟ್ಟೆ. ತಂಗಿ ಮಲೇಷ್ಯಾಕ್ಕೆ ಹೊರಟ ದಿನ ನನಗೆ ಫೋನು ಮಾಡಿ, ಅಂದಾಜು ಸುಳ್ಳಾದರೆ ನಿಮ್ಮ ಮನೆಗೇ ಬಂದು ಕೂರುತ್ತೇನೆ ಎಂದು ಹೆದರಿಸಿದರು. ಬನ್ನಿ, ಅಡುಗೆಗೆ ಜನ ಬೇಕು, ಎಂದೆ.

ಮುಂದಿನ ವರ್ಷ ರಿಟರ್ನ್ ಸಲ್ಲಿಸಿದೆ. ಕೆಲವು ತಿಂಗಳು ಏನೂ ಬರಲಿಲ್ಲ. ದಿನವೂ ಬೆಳಿಗ್ಗೆ ಮೊದಲು ಇಲಾಖೆಯ ವೆಬ್‌ಸೈಟಿನಲ್ಲಿ ಅದನ್ನೇ ತೆರೆದು ನೋಡುತ್ತಿದ್ದೆ. ಬೇರೆ ಯಾರ ಹಣಕ್ಕೂ ನಾನು ಹಾಗೆ ಕಾದಿಲ್ಲ. ಕೊನೆಗೆ ಬಂತು. ನಾನು ಕಮ್ಮಿಯೆಂದರೆ ಎಂದು ಹೇಳಿದ್ದಕ್ಕಿಂತ ಸ್ವಲ್ಪ ಮೇಲೆ. ತಂಗಿಗೆ ಮೆಸೇಜು ಹಾಕಿ, ಆಪಾಗೆ ನಾನೇ ಹೋಗಿ ಹೇಳೋಣ ಎಂದು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಬರುತ್ತೇನೆಂದು ಮೊದಲೇ ತಿಳಿಸಿದ್ದೆ.

ಹೊಸ ಮನೆಯ ಮುಂದೆ ಬಿಸಿಲಿತ್ತು. ಆಪಾ ಬಾಗಿಲು ತೆಗೆದು, ವಿ‌ಷಯ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಊಟ ಮಾಡಿಕೊಂಡೇ ಹೋಗಬೇಕು ಎಂದು ಒಳಗೆ ಹೋದರು. ಅವರ ಕೈಯ ಚರ್ಮ ಹೊಸದಾಗಿ, ಬೇರೆ ಬಣ್ಣದಲ್ಲಿ ಬೆಳೆದಿತ್ತು. ನಾನು ನಡುಮನೆಯಲ್ಲಿ ಕೂತು ತಂಗಿಯ ಉತ್ತರ ಓದುತ್ತಿದ್ದೆ. ಅಡುಗೆಮನೆಯಲ್ಲಿ ಕುಕ್ಕರು ಬುಸುಗುಟ್ಟಲು ಶುರುವಾಯಿತು. ಯಾವಾಗ ಎದ್ದೆನೋ, ನೋಡಿಕೊಂಡಾಗ ಬೀದಿಯಲ್ಲಿ, ಗೇಟಿನ ಹೊರಗೆ ನಿಂತಿದ್ದೆ. ಚಪ್ಪಲಿ ಹಾಕಿರಲಿಲ್ಲ.

ಆಪಾ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಒಳಗೆ ಹೋದರು, ಬುಸುಗುಡುವುದು ನಿಂತಿತು. ನಾನು ನಾಚಿಕೊಂಡು ಮತ್ತೆ ಒಳಗೆ ಬಂದಾಗ ಅವರು ಕುಕ್ಕರು ತಣ್ಣಗಾಗುವುದನ್ನು ಕಾಯುತ್ತಾ, ಅದರಿಂದ ಮಾರುದೂರ ನಿಂತಿದ್ದರು. ಆಮೇಲೆ ಬೇಳೆಯನ್ನು ಅಗಲವಾದ ಪಾತ್ರೆಗೆ ಸುರಿದು, ಮುಚ್ಚಳವಿಲ್ಲದೆ ಒಲೆಯ ಮೇಲಿಟ್ಟರು.

"ನಾನೂ ಇಡಲ್ಲಮ್ಮ, ಒಬ್ಳೇ ಇದ್ದಾಗ," ಎಂದರು. "ಇವತ್ತು ನೀನು ಬರ್ತೀಯ ಅಂತ ಧೈರ್ಯ ಮಾಡ್ದೆ."

ಬೇಳೆ ಬೇಯಲು ಬಹಳ ಹೊತ್ತು ಹಿಡಿಯಿತು. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಕೂತು ಅದು ಕುದಿಯುವುದನ್ನು ನೋಡುತ್ತಿದ್ದೆವು.